ಎರಡು ಕುಂಚಗಳ ಮನೆಯಲ್ಲಿ ಹೊತ್ತು ಯಾರದು?

ಗಂಡ ಹೆಂಡತಿ ಇಬ್ಬರೂ ಚಿತ್ರಕಾರರಾದರೆ ಅಡುಗೆ ಯಾರು ಮಾಡುತ್ತಾರೆ? ಬರೆಯುವವರ, ಬಣ್ಣ ಹಚ್ಚುವವರ ನಡುವೆ ಈ ಪ್ರಶ್ನೆ ಕೇಳಿದಾಗಲೆಲ್ಲ ಜನ ನಕ್ಕಿದ್ದಾರೆ. ಕಲೆಯ ವಿಷಯ ನಡೆದಾಗ ಒಲೆಯ ಮಾತು ಯಾಕೆ ತಂದಿರಿ ಎಂದು ಹಿರಿಯರೊಬ್ಬರು ಗದರಿದ್ದೂ ಉಂಟು. ಒಲೆಯನ್ನು ಮರೆತು ಕಲೆಯ ಮಾತಾಡಬಲ್ಲವರು ಯಾರು ಎಂದು ನೋಡಿದರೆ, ಊಟ ತಾನಾಗಿ ತಟ್ಟೆಗೆ ಬಂದು ಬೀಳುವ ಭಾಗ್ಯವಂತರು ಮಾತ್ರ. ಅವರಲ್ಲಿ ಹೆಂಗಸರು ಎಷ್ಟು ಮಂದಿ ಎಂದು ನೀವೇ ಎಣಿಸಿಕೊಳ್ಳಿ.

ಮೆಕ್ಸಿಕೋದ ಫ್ರಿಡಾ ಕಾಹ್ಲೊ ಮತ್ತು ಡಿಯೆಗೊ ರಿವೆರಾ ದಂಪತಿಯ ಕತೆ ಈಗ ನಮ್ಮಲ್ಲೂ ಹೊಸದಲ್ಲ. 2002ರಲ್ಲಿ ಅವರ ಮೇಲೆ ಸಿನಿಮಾ ಬಂತು. ಕೂಡಿದ ಹುಬ್ಬಿನ, ತಲೆ ತುಂಬ ಹೂ ಮುಡಿದ ಫ್ರಿಡಾಳ ಮುಖ ಈಗ ಕೈಚೀಲದ ಮೇಲೆ, ಚಹಾ ಕಪ್ಪಿನ ಮೇಲೆ ಕೂತಿದೆ. ಆಕೆಯ ಕತೆಯನ್ನು ಹೇಳುವವರು ಸಾಮಾನ್ಯವಾಗಿ ನೋವಿನಿಂದಲೇ ಶುರು ಮಾಡುತ್ತಾರೆ. 1907ರಲ್ಲಿ ಹುಟ್ಟಿದವಳಿಗೆ ಆರನೆಯ ವಯಸ್ಸಿನಲ್ಲಿ ಪೋಲಿಯೋ, 1925ರಲ್ಲಿ ಬಸ್ಸು ಅಪಘಾತದಲ್ಲಿ ಬೆನ್ನುಮೂಳೆ, ಕಾಲು, ಸೊಂಟ ಎಲ್ಲ ಮುರಿದದ್ದು, ಮಲಗಿದಲ್ಲೇ ಕನ್ನಡಿ ನೋಡಿ ತನ್ನನ್ನೇ ಬರೆದುಕೊಂಡದ್ದು. 1929ರಲ್ಲಿ, ತನಗಿಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ದೊಡ್ಡವನಾದ, ಆಗಲೇ ದೊಡ್ಡ ಹೆಸರಿದ್ದ ಡಿಯೆಗೊನನ್ನು ಮದುವೆಯಾದಳು. ಆತ ಕೊನೆಗೆ ಹೆಂಡತಿಯ ಸ್ವಂತ ತಂಗಿಯನ್ನೂ ಬಿಡಲಿಲ್ಲ. ಇಷ್ಟು ಹೇಳಿ, ಈ ಸಂಕಟವಿಲ್ಲದಿದ್ದರೆ ಆ ಚಿತ್ರಗಳು ಎಲ್ಲಿಂದ ಬರುತ್ತಿದ್ದವು ಎಂದು ನಿಟ್ಟುಸಿರು ಬಿಡುತ್ತಾರೆ.

ಈ ನಿಟ್ಟುಸಿರು ನನಗೆ ಸೇರುವುದಿಲ್ಲ. ಹೆಂಡತಿಯ ನೋವೇ ಅವಳ ಕಲೆಗೆ ತೆತ್ತ ಬೆಲೆ ಎಂದುಬಿಟ್ಟರೆ ಗಂಡನ ದ್ರೋಹವೂ ಕಲಾಸೇವೆಯ ಲೆಕ್ಕಕ್ಕೆ ಸೇರುತ್ತದೆ. ಡಿಯೆಗೊ ಗೋಡೆ ಗೋಡೆಗಳನ್ನೇ ಚಿತ್ರದಿಂದ ತುಂಬಿದವನು. ಅವನ ಕಲೆಗೆ ಯಾವ ನೋವು ಬೇಕಾಗಿತ್ತು ಎಂದು ಯಾರೂ ಕೇಳಿದ್ದು ನನಗೆ ಗೊತ್ತಿಲ್ಲ. ಅವನಿಗೆ ಬೇಕಾದದ್ದು ಗೋಡೆ, ಸಹಾಯಕರು, ಹೊತ್ತು. ಅವು ಅವನಿಗೆ ಸಿಕ್ಕವು.

ಡೆಟ್ರಾಯಿಟಿನ ಉದಾಹರಣೆ ನೋಡಿ. 1932-33ರಲ್ಲಿ ಆತ ಅಲ್ಲಿನ ಕಲಾಸಂಸ್ಥೆಯ ಒಳಾಂಗಣದಲ್ಲಿ ಕಾರ್ಖಾನೆಯ ದುಡಿಮೆಯನ್ನು ಕುರಿತು 27 ಭಿತ್ತಿಚಿತ್ರಗಳನ್ನು ಬರೆದ. ಅದೇ ಊರಿನ ಆಸ್ಪತ್ರೆಯಲ್ಲಿ 1932ರಲ್ಲಿ ಫ್ರಿಡಾಳಿಗೆ ಗರ್ಭ ನಿಲ್ಲದೆ ಹೋಯಿತು. ಅದನ್ನು ಆಕೆ ಲೋಹದ ಒಂದು ಸಣ್ಣ ತಗಡಿನ ಮೇಲೆ ಬರೆದಳು. ಊರಿನ ಪತ್ರಿಕೆಯೊಂದು 1933ರಲ್ಲಿ ಆಕೆಯ ಬಗ್ಗೆ ಬರೆಯುತ್ತ, ಮಹಾನ್ ಚಿತ್ರಕಾರನ ಹೆಂಡತಿ ಖುಷಿಗೆ ತಾನೂ ಬಣ್ಣದಾಟ ಆಡುತ್ತಾಳೆ ಎಂಬ ಅರ್ಥದ ತಲೆಬರಹ ಕೊಟ್ಟಿತು. ಡಿಯೆಗೊ ಹಾಗೆ ಹೇಳಲಿಲ್ಲ ಎಂಬುದನ್ನು ಒಪ್ಪಬೇಕು. ಹೆಂಡತಿಯ ಚಿತ್ರಗಳನ್ನು ಆತ ಎಲ್ಲರೆದುರು ಹೊಗಳುತ್ತಿದ್ದ, ಅವಳ ಹೆಸರನ್ನು ನುಂಗಲಿಲ್ಲ. ನುಂಗಿದವರೂ ಇದ್ದಾರೆ. ಅಮೆರಿಕದ ಮಾರ್ಗರೆಟ್ ಕೀನ್ ಬರೆದ ದೊಡ್ಡ ಕಣ್ಣಿನ ಮಕ್ಕಳ ಚಿತ್ರಗಳನ್ನು ಆಕೆಯ ಗಂಡ ತನ್ನವೆಂದೇ ಮಾರಿದ. ಕೊನೆಗೆ 1986ರಲ್ಲಿ ಹೊನೊಲುಲುವಿನ ನ್ಯಾಯಾಲಯದಲ್ಲಿ ಎಲ್ಲರ ಕಣ್ಣೆದುರು 53 ನಿಮಿಷದಲ್ಲಿ ಚಿತ್ರ ಬರೆದು ತೋರಿಸಿ ಆಕೆ ತನ್ನ ಹೆಸರನ್ನು ಗೆದ್ದುಕೊಳ್ಳಬೇಕಾಯಿತು. ಗಂಡನಿಗೆ ಆವತ್ತು ಭುಜ ನೋಯುತ್ತಿತ್ತಂತೆ.

ಉರ್ದು ಶಾಲೆಯಲ್ಲಿ ಕಲಿತ ಒಂದು ಶಬ್ದ ಇಲ್ಲಿ ಉಪಯೋಗಕ್ಕೆ ಬರುತ್ತದೆ. ‘ಹಕ್’. ಅದೇ ಕನ್ನಡಕ್ಕೆ ಬಂದು ‘ಹಕ್ಕು’ ಆಗಿದೆ. ಆದರೆ ದಾರಿಯಲ್ಲಿ ಅರ್ಧ ಅರ್ಥ ಉದುರಿಹೋಗಿದೆ. ಕನ್ನಡದಲ್ಲಿ ಹಕ್ಕು ಎಂದರೆ ನಾನು ಕೇಳಿ ಪಡೆಯುವುದು, ಹೋರಾಡಿ ಗಳಿಸುವುದು. ಉರ್ದುವಿನಲ್ಲಿ ಒಬ್ಬರ ಹಕ್ ನನ್ನ ಮೇಲಿರುತ್ತದೆ. ಅಂದರೆ ಅವರು ಕೇಳಲಿ ಬಿಡಲಿ, ನಾನು ಸಲ್ಲಿಸಬೇಕಾದದ್ದು. ‘ಹುಕೂಕುಲ್ ಇಬಾದ್’ ಎನ್ನುವುದು ಈ ಅರ್ಥದಲ್ಲಿ. ಸಾಲಗಾರ ಮರೆತರೂ ಸಾಲ ಸಾಲವೇ ಅಲ್ಲವೇ? ಒಂದು ದಾಂಪತ್ಯದಲ್ಲಿ ಪ್ರೀತಿ ಇತ್ತೇ, ನೋವು ಇತ್ತೇ ಎಂದು ಕೇಳುವುದಕ್ಕಿಂತ, ಯಾರ ಹಕ್ ಯಾರ ಮೇಲೆ ಬಾಕಿ ಉಳಿಯಿತು ಎಂದು ಕೇಳಿದರೆ ನಮಗೆ ಹೆಚ್ಚು ತಿಳಿಯುತ್ತದೆ.

ಹಣದ ಮಟ್ಟಿಗೆ ಈ ಲೆಕ್ಕ ನಮ್ಮಲ್ಲಿ ಸ್ಪಷ್ಟವಾಗಿದೆ. ಮೆಹರ್ ಹೆಂಡತಿಯದು, ಅವಳ ಗಳಿಕೆ ಅವಳದು, ಅವಳ ಅನ್ನ ಬಟ್ಟೆಯ ಹೊಣೆ ಗಂಡನದು. ಫ್ರಿಡಾಳ ಲೆಕ್ಕ ಬೇರೆ ಬಗೆಯದು. ಅವರು 1939ರಲ್ಲಿ ತಲಾಖ್ ಪಡೆದು 1940ರ ಡಿಸೆಂಬರಿನಲ್ಲಿ ಮತ್ತೆ ಮದುವೆಯಾದರು. ಆಗ ಆಕೆ ಹಾಕಿದ ಷರತ್ತುಗಳನ್ನು ಡಿಯೆಗೊ ತನ್ನ ಆತ್ಮಕತೆಯಲ್ಲಿ ಹೇಳಿಕೊಂಡಿದ್ದಾನೆ. ತನ್ನ ಚಿತ್ರಗಳ ದುಡ್ಡಿನಲ್ಲೇ ತಾನು ಬದುಕುವುದು, ಮನೆಖರ್ಚಿನಲ್ಲಿ ಅರ್ಧ ತಾನೇ ಕೊಡುವುದು, ಹಾಸಿಗೆ ಹಂಚಿಕೊಳ್ಳದಿರುವುದು. ಅರ್ಧ ಖರ್ಚು ಕೊಡುತ್ತೇನೆ ಎನ್ನುವುದು ಹಮ್ಮಿನ ಮಾತಾಗಿ ಕಾಣಬಹುದು. ಅನ್ನ ಹಾಕುವ ಕೈ ಹೊತ್ತನ್ನೂ ಕೇಳುತ್ತದೆ ಎಂದು ಅನುಭವದಿಂದ ತಿಳಿದವಳ ಮಾತು ಅದು ಎಂದು ನನಗನಿಸುತ್ತದೆ.

ಅದಕ್ಕೂ ಮೊದಲೇ ಅವರ ಗೆಳೆಯ ಹುವಾನ್ ಓ’ಗೋರ್ಮನ್ ಎಂಬ ವಾಸ್ತುಶಿಲ್ಪಿ ಮೆಕ್ಸಿಕೋ ನಗರದ ಸಾನ್ ಆಂಖೆಲ್‌ನಲ್ಲಿ ಅವರಿಗೆ ಅಕ್ಕಪಕ್ಕ ಎರಡು ಮನೆ ಕಟ್ಟಿಕೊಟ್ಟಿದ್ದ. ದೊಡ್ಡದು ಡಿಯೆಗೊನಿಗೆ, ನೀಲಿ ಬಣ್ಣದ ಚಿಕ್ಕದು ಫ್ರಿಡಾಳಿಗೆ. ಮಾಳಿಗೆಯ ಮೇಲೆ ಎರಡಕ್ಕೂ ಒಂದು ಕಿರಿದಾದ ಸೇತುವೆ. ದಾಂಪತ್ಯದ ಸಮಸ್ಯೆಗೆ ಸಿಮೆಂಟಿನಲ್ಲಿ ಇಷ್ಟು ನೇರವಾದ ಉತ್ತರ ಬೇರೆಲ್ಲೂ ಕೊಟ್ಟಿರಲಾರರು. ಬಾಗಿಲು ಅವಳದು, ಬೆಳಕು ಅವಳದು. ಬೇಕೆಂದಾಗ ಸೇತುವೆ ದಾಟಬಹುದು, ಬೇಡವೆಂದರೆ ಇಲ್ಲ. ಆದರೂ ಒಂದು ಮನೆ ದೊಡ್ಡದು, ಒಂದು ಚಿಕ್ಕದು.

ನಮ್ಮವರಲ್ಲೇ ಇಂಥ ಜೋಡಿ ಇತ್ತು. ಎಸ್.ಜಿ. ವಾಸುದೇವ್ 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ‘ಸಂಸ್ಕಾರ’ ಸಿನಿಮಾ ನೋಡಿದವರು ಅವರ ಕಲಾನಿರ್ದೇಶನವನ್ನು ಹೆಸರು ತಿಳಿಯದೆಯೇ ನೋಡಿರುತ್ತೀರಿ. ಮದ್ರಾಸಿನ ಸರಕಾರಿ ಕಲಾಶಾಲೆಯಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಅವರ ಶಿಷ್ಯರು. ಅರ್ನವಾಜ್ ಪಾರ್ಸಿ ಮನೆತನದ ಹೆಣ್ಣುಮಗಳು, ಅದೇ ಬಳಗದ ಚಿತ್ರಕಾರ್ತಿ. ಇಬ್ಬರೂ ಮದುವೆಯಾಗಿ ಚೋಳಮಂಡಲ ಕಲಾಗ್ರಾಮದಲ್ಲಿ ಬದುಕಿದರು. 1966ರಲ್ಲಿ ಪಣಿಕ್ಕರ್ ಮತ್ತು ಅವರ ಶಿಷ್ಯರು ಮದ್ರಾಸಿನ ದಕ್ಷಿಣಕ್ಕೆ, ಸಮುದ್ರದ ದಂಡೆಯ ಮರಳಿನಲ್ಲಿ ಕಟ್ಟಿಕೊಂಡ ಊರು ಅದು. ಚಿತ್ರ ಮಾರಿ ಬದುಕುವುದು ಕನಸಾಗಿದ್ದ ಕಾಲ. ಹಾಗಾಗಿ ಎಲ್ಲರೂ ಕೂಡಿ ಬಾಟಿಕ್ ಬಟ್ಟೆಯಂಥ ಕರಕುಶಲ ವಸ್ತು ಮಾಡಿ ಮಾರುವುದು, ಆ ದುಡ್ಡಿನಿಂದ ನೆಲ ಕೊಳ್ಳುವುದು, ಉಳಿದ ಹೊತ್ತು ತಮ್ಮ ಚಿತ್ರಕ್ಕೆ. ಅಂದರೆ ಚೋಳಮಂಡಲವನ್ನು ಕಟ್ಟಿದ ಪ್ರಶ್ನೆಯೂ ಹೊತ್ತಿನದೇ. ಕಲಾವಿದ ತನ್ನ ಹೊತ್ತನ್ನು ಹೊಟ್ಟೆಯಿಂದ ಬಿಡಿಸಿಕೊಳ್ಳುವುದು ಹೇಗೆ? ಒಬ್ಬೊಬ್ಬರಿಂದ ಆಗದ್ದನ್ನು ಅವರು ಊರಾಗಿ ಮಾಡಿದರು.

ಅರ್ನವಾಜ್ 1988ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ನಲವತ್ತರ ಆಸುಪಾಸಿನ ವಯಸ್ಸು. ಚಿತ್ರಕಾರರ ಕೈ ಪಳಗಿ, ತನ್ನ ದಾರಿ ತನಗೆ ಕಾಣುವ ಹೊತ್ತು ಅದು. ವಾಸುದೇವ್ ಆಮೇಲೆ ಬೆಂಗಳೂರಿಗೆ ಬಂದರು, ಹೆಂಡತಿಯ ಹೆಸರಿನಲ್ಲಿ ಕಲಾ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಏರ್ಪಡಿಸಿದರು. ನಮ್ಮಲ್ಲಿ ಸತ್ತ ಹೆಂಡತಿಯ ನೆನಪಿಗೆ ಕಲ್ಲು ನಿಲ್ಲಿಸಿದವರುಂಟು, ತಾಜಮಹಲನ್ನೇ ಕಟ್ಟಿದವರೂ ಉಂಟು. ಆ ಕಲ್ಲಿಗಿಂತ, ಫೀಸು ಕಟ್ಟಲಾಗದ ಹುಡುಗನಿಗೋ ಹುಡುಗಿಗೋ ಬಣ್ಣ ಕೊಳ್ಳಲು ಸಿಗುವ ದುಡ್ಡು ನನಗೆ ಹೆಚ್ಚು ಅರ್ಥದ್ದಾಗಿ ಕಾಣುತ್ತದೆ. ಅದು ಅರ್ನವಾಜ್‌ಗೆ ಸಿಗದೆ ಹೋದದ್ದನ್ನೇ, ಅಂದರೆ ಹೊತ್ತನ್ನೇ, ಬೇರೆಯವರಿಗೆ ಕೊಡುತ್ತದೆ. ಬೆಂಗಳೂರಿನಲ್ಲಿ ವಾಸುದೇವ್ ತಮ್ಮ ಚಿತ್ರಗಳನ್ನು ಮಗ್ಗದ ಮೇಲೆ ತಂದಾಗಲೂ ನೇಕಾರ ಸುಬ್ಬರಾಯುಲು ಅವರ ಹೆಸರನ್ನು ಮುಚ್ಚಿಡಲಿಲ್ಲ. ಹೆಸರಿನ ಹಕ್ ಸಲ್ಲಿಸುವುದೆಂದರೆ ಇದು. ಆದರೆ ಬಾಕಿಯೆಲ್ಲ ಗಂಡನೊಬ್ಬನದೇ ಅಲ್ಲ. ಕನ್ನಡದ ಓದುಗರಲ್ಲಿ ವಾಸುದೇವರ ‘ವೃಕ್ಷ’ ಮಾಲೆಯನ್ನು ಬಲ್ಲವರು ಸಾಕಷ್ಟಿದ್ದಾರೆ. ಅರ್ನವಾಜ್ ಬರೆದ ಒಂದು ಚಿತ್ರವನ್ನಾದರೂ ಕಣ್ಣಾರೆ ನೋಡಿದವರು ನನ್ನ ಪರಿಚಯದಲ್ಲಿ ಒಬ್ಬರೂ ಇಲ್ಲ. ವಿದ್ಯಾರ್ಥಿವೇತನ ಹೆಸರನ್ನು ಉಳಿಸುತ್ತದೆ, ಚಿತ್ರವನ್ನು ನೋಡುವ ಕೆಲಸ ನೋಡುವವರದ್ದು.

ಹಾವೇರಿಯ ಕಡೆಯವರಾದ ನಮಗೆ ಇದು ದೂರದ ಮಾತೂ ಅಲ್ಲ. ತುಮ್ಮಿನಕಟ್ಟಿಯ ಮಗ್ಗದ ಮನೆಗಳಲ್ಲಿ ಗಂಡ ನೇಯ್ದರೆ ಹೆಂಡತಿ ಕಂಡಿಕೆ ಸುತ್ತುತ್ತಾಳೆ. ಅವಳು ಸುತ್ತದಿದ್ದರೆ ಲಾಳಿ ಓಡದು. ನೇಕಾರ ಎಂಬ ಹೆಸರು ಮಾತ್ರ ಅವನದು. ಸವಣೂರು, ಹಿರೇಕೆರೂರುಗಳ ಕಡೆ ಹಳೇ ಸೀರೆ ಲುಂಗಿಗಳ ತುಂಡು ಕೂಡಿಸಿ ಕೌದಿ ಹೊಲಿಯುವ ಅಜ್ಜಿಯಂದಿರ ಬಣ್ಣದ ಲೆಕ್ಕ ಯಾವ ಚಿತ್ರಶಾಲೆಯವರಿಗೂ ಕಡಿಮೆಯಿಲ್ಲ. ಕೌದಿಯ ಮೂಲೆಯಲ್ಲಿ ಸಹಿ ಇರುವುದಿಲ್ಲ, ಅಷ್ಟೇ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಮಗಳು ವೇದಾರಾಣಿ, ಅಳಿಯ ಪ್ರಕಾಶ ದಾಸನೂರ ಅವರೊಡನೆ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಅಲ್ಲಿ ಸಿಮೆಂಟಿನ ಹೆಂಗಸರು ನಿಜವಾದ ಹೆಂಗಸರ ಹಾಗೆ ಕೆಲಸದಲ್ಲಿ ಮುಳುಗಿದ್ದಾರೆ. ಕಲೆಗೆ ವಸ್ತುವಾಗಲು ನಮ್ಮ ಹೆಂಗಸರಿಗೆ ಯಾವಾಗಲೂ ಹೊತ್ತು ಸಿಕ್ಕಿದೆ. ಅದೇ ತಾಲ್ಲೂಕಿನ ಶಿಶುನಾಳ ಶರೀಫರನ್ನು ಹಾಡದ ಊರಿಲ್ಲ. ಅವರ ಹೆಂಡತಿಯ ಹೆಸರು ಎಷ್ಟು ಜನ ಹೇಳಬಲ್ಲಿರಿ? ಫಾತಿಮಾ.

ಹಾನಗಲ್ಲಿನಲ್ಲಿ ನನಗೆ ಗೊತ್ತಿರುವ ಒಂದು ಜೋಡಿ ಇದೆ. ಇಬ್ಬರೂ ಚಿತ್ರಕಲೆಯ ಡಿಪ್ಲೊಮಾ ಮಾಡಿದವರು. ಆಕೆಗೆ ಆಗ ಹೆಚ್ಚು ಅಂಕ. ಆತ ಈಗಲೂ ಬರೆಯುತ್ತಾನೆ, ವರ್ಷಕ್ಕೊಂದು ಪ್ರದರ್ಶನ. ಆಕೆ ಬಿಟ್ಟು ಬಹಳ ವರ್ಷ ಆಯಿತು. ಯಾಕವ್ವಾ ಎಂದರೆ ನಗುತ್ತ, “ಬಿಡ್ರಿ ಅಕ್ಕಾರ, ಬಣ್ಣ ಒಣಗೂದ್ರಾಗ ಹಾಲು ಉಕ್ಕಿ ಹೋಗತೈತಿ” ಎಂದಳು. ಗಂಡ ಕುಡಿಯುವವನಲ್ಲ, ಹೊಡೆಯುವವನಲ್ಲ, ಬರೆಯಬೇಡ ಎಂದು ಒಂದು ದಿನ ಹೇಳಿದವನೂ ಅಲ್ಲ. ನಿನ್ನ ಕಲೆಗೆ ಅಡ್ಡಿ ಬಂದವರು ಯಾರು ಎಂದು ಪಂಚಾಯಿತಿ ಕೂಡಿಸಿದರೆ ತೋರಿಸಲು ಆಕೆಗೆ ಒಬ್ಬ ಮನುಷ್ಯನೂ ಸಿಗಲಾರ.

ನನ್ನನ್ನು ಕಾಡುವುದು ಇದೇ. ತಪ್ಪು ಮಾಡಿದವರೇ ಇಲ್ಲದ ಕಡೆ ಅನ್ಯಾಯ ಇರಬಹುದೇ? ಡಿಯೆಗೊನಂಥವನನ್ನು ಬೈಯುವುದು ಸುಲಭ, ಅವನ ತಪ್ಪು ಎದ್ದು ಕಾಣುತ್ತದೆ. ಒಳ್ಳೆಯ ಗಂಡನ ಮನೆಯಲ್ಲಿ ಕುಂಚ ಒಣಗಿದ್ದಕ್ಕೆ ಯಾರನ್ನು ಕೇಳೋಣ? ಕೆಲವರು ಹೇಳುತ್ತಾರೆ, ಅವಳೇ ಮನಸ್ಸಾರೆ ಬಿಟ್ಟಳು, ಸಂಸಾರಕ್ಕೆ ತನ್ನ ಹೊತ್ತನ್ನು ಕೊಟ್ಟಳು, ಅದು ತ್ಯಾಗ, ಅದನ್ನು ಗೌರವಿಸಿ ಎಂದು. ತ್ಯಾಗವನ್ನು ನಾನೂ ಗೌರವಿಸುತ್ತೇನೆ. ಆದರೆ ತನ್ನದಲ್ಲದ್ದನ್ನು ಯಾರೂ ದಾನ ಮಾಡಲಾರರು. ಮೆಹರ್ ಮನ್ನಾ ಮಾಡುವ ಹೆಂಡತಿ, ಮೊದಲು ಅದು ತನ್ನದು ಎಂದು ಎಲ್ಲರೂ ಒಪ್ಪಿದ್ದರಿಂದಲೇ ಮನ್ನಾ ಮಾಡಬಲ್ಲಳು. ಹಾನಗಲ್ಲಿನ ಆ ಮನೆಯಲ್ಲಿ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗಿನ ಹೊತ್ತು ಆಕೆಯದು ಎಂದು ಯಾವತ್ತು ಯಾರು ಒಪ್ಪಿದ್ದರು? ಯಾರೂ ಕಿತ್ತುಕೊಳ್ಳಲಿಲ್ಲ, ನಿಜ. ಕಿತ್ತುಕೊಳ್ಳುವ ಅಗತ್ಯವೇ ಬೀಳಲಿಲ್ಲ.

ಅದು ನಿನ್ನದು ಎಂದು ಮೊದಲು ಒಪ್ಪುವುದೇ ಇಲ್ಲಿ ಬಾಕಿ ಉಳಿದ ಹಕ್. ಒಪ್ಪಿದ ಮೇಲೆ ಆಕೆ ಕೊಟ್ಟರೆ ಕೊಡಲಿ, ಬಿಟ್ಟರೆ ಬಿಡಲಿ, ಹಾಲು ಉಕ್ಕಿದರೆ ಒಂದು ದಿನ ಆತ ಒರೆಸಲಿ.

ಇಷ್ಟು ಬರೆದ ಮೇಲೂ ಮೊದಲ ಪ್ರಶ್ನೆಗೆ ನಾನು ಉತ್ತರಿಸಿಲ್ಲ. ಫ್ರಿಡಾ, ಡಿಯೆಗೊ ಇಬ್ಬರೂ ಬರೆಯುತ್ತಿದ್ದಾಗ ಅಡುಗೆ ಯಾರು ಮಾಡುತ್ತಿದ್ದರು? ಆಳುಗಳಿದ್ದರು. ಇಬ್ಬರು ಕಲಾವಿದರ ನಡುವಿನ ಹೊತ್ತಿನ ಜಗಳ ಎಷ್ಟೋ ಮನೆಗಳಲ್ಲಿ ಹೀಗೆಯೇ ಬಗೆಹರಿಯುತ್ತದೆ, ಮೂರನೆಯ ಒಬ್ಬ ಹೆಂಗಸಿನ ಹೊತ್ತನ್ನು ಕೊಂಡು. ಬೆಂಗಳೂರಿನಲ್ಲೂ ಹುಬ್ಬಳ್ಳಿಯಲ್ಲೂ ನಾವು ಮೆಚ್ಚುವ ಸಮಾನತೆಯ ದಾಂಪತ್ಯಗಳ ಹಿಂದೆ ಬೆಳಿಗ್ಗೆ ಏಳಕ್ಕೆ ಬಂದು ಪಾತ್ರೆ ತಿಕ್ಕುವ ಒಬ್ಬಾಕೆ ಇರುತ್ತಾಳೆ. ಅವಳಿಗೂ ಹಾಡು ಬರುತ್ತಿರಬಹುದು, ಕೌದಿ ಬರುತ್ತಿರಬಹುದು.

ಫ್ರಿಡಾ 1954ರಲ್ಲಿ ತೀರಿಕೊಂಡಳು, ಡಿಯೆಗೊ 1957ರಲ್ಲಿ. ಕೊಯೊಕಾನ್‌ನಲ್ಲಿ ಆಕೆ ಹುಟ್ಟಿ, ಅಲ್ಲಿಯೇ ಸತ್ತ ನೀಲಿ ಮನೆಯನ್ನು ಡಿಯೆಗೊ ತನ್ನ ದೇಶದ ಜನರಿಗೆ ಬಿಟ್ಟುಕೊಟ್ಟ. 1958ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಆಕೆಯ ಚಿತ್ರದ ಹಲಗೆ, ಗಾಲಿಕುರ್ಚಿ, ಕನ್ನಡಿ ಕಟ್ಟಿದ ಮಂಚ ಎಲ್ಲ ಅಲ್ಲಿವೆ. ಅಡುಗೆಮನೆಯೂ ಇದೆ, ಹಳದಿ ನೀಲಿ ಬಣ್ಣಗಳಲ್ಲಿ, ದೊಡ್ಡ ದೊಡ್ಡ ಮಣ್ಣಿನ ಪಾತ್ರೆಗಳೊಡನೆ. ಅದರ ಗೋಡೆಯ ಮೇಲೆ ಪುಟ್ಟ ಪುಟ್ಟ ಮಣ್ಣಿನ ಕುಡಿಕೆಗಳನ್ನು ಜೋಡಿಸಿ ಎರಡು ಹೆಸರು ಬರೆದಿದ್ದಾರೆ. ಒಂದು ಫ್ರಿಡಾ, ಇನ್ನೊಂದು ಡಿಯೆಗೊ. ಆ ಒಲೆಯ ಮುಂದೆ ನಿಂತು ಬೇಯಿಸಿದವರ ಹೆಸರು ಆ ಗೋಡೆಯ ಮೇಲೆ ಇಲ್ಲ.