ಎಲೆ ಸುಡಬಾರದು, ಸರಿ. ಕೈ?

ಕೊಡಗಿನ ತೋಟಗಳಲ್ಲಿ ಮಳೆ ಹಿಡಿಯುವ ಮುಂಚೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮೈಲುತುತ್ತು ಒಂದು ಡ್ರಮ್ಮಿನಲ್ಲಿ, ಸುಣ್ಣ ಇನ್ನೊಂದರಲ್ಲಿ ಕರಗಿಸಿ, ಎರಡನ್ನೂ ಸೇರಿಸಿದರೆ ತಿಳಿನೀಲಿ ಮದ್ದು ರೆಡಿ. ಕಾಫಿಯ ಎಲೆತುಕ್ಕಿಗೆ, ಕೊಳೆರೋಗಕ್ಕೆ, ಮೆಣಸಿನ ಬಳ್ಳಿ ಸೊರಗದಿರಲಿಕ್ಕೆ ಇದೇ ಹಳೇ ಉಪಾಯ. ಹೊಡೆಯುವ ಮೊದಲು ಒಂದು ಪರೀಕ್ಷೆ ಉಂಟು. ಚೆನ್ನಾಗಿ ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಆಮ್ಲ ಜಾಸ್ತಿ ಅಂತ ಅರ್ಥ. ಹಾಗೇ ಹೊಡೆದರೆ ಎಲೆ ಸುಡುತ್ತದೆ, ಇನ್ನಷ್ಟು ಸುಣ್ಣ ಸುರಿಯಬೇಕು.

ಎಲೆ ಸುಡದಿರಲಿ ಅಂತ ಸುರಿಯುವ ಆ ಸುಣ್ಣವೇ ಕಲಸುವವರ ಕೈಯನ್ನು ಒಣಗಿಸಿ ಒಡೆಸುತ್ತದೆ. ಎಲೆಗಿರುವ ಪರೀಕ್ಷೆ ಕೈಗೆ ಯಾಕಿಲ್ಲ?

ಕೈ ಒಡೆದರೆ ಯಾರೂ ಸಾಯಲ್ಲ ಬಿಡಿ ಅನ್ನಬಹುದು. ನಿಜ, ಸಾಯಲ್ಲ. ಆದರೆ ಸಾಯಿಸದ ಕಾಯಿಲೆ ಸಣ್ಣ ಕಾಯಿಲೆಯಾ? ಅಲ್ಲ ಅಂತ ವೈದ್ಯಲೋಕವೇ ಒಪ್ಪಿದೆ. ಚರ್ಮರೋಗ ಬದುಕನ್ನು ಎಷ್ಟು ಕೆಡಿಸಿದೆ ಅಂತ ಅಳೆಯಲು 1994ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಒಂದು ಪ್ರಶ್ನಾವಳಿ ಮಾಡಿದರು. ಹೆಸರು ಡಿಎಲ್‌ಕ್ಯೂಐ. ಹತ್ತು ಪ್ರಶ್ನೆ, ಒಟ್ಟು 30 ಅಂಕ. ಕಳೆದ ವಾರ ತುರಿಕೆ ಎಷ್ಟಿತ್ತು, ಮುಜುಗರ ಆಯಿತಾ, ಬಟ್ಟೆ ಆರಿಸಲು ತೊಂದರೆಯಾಯಿತಾ, ಆಟೋಟಕ್ಕೆ ಅಡ್ಡಿಯಾಯಿತಾ, ಕೆಲಸ ನಿಂತಿತಾ... ಹೀಗೆ. ಅಂಕ ಹೆಚ್ಚಾದಷ್ಟೂ ಬದುಕು ಹೆಚ್ಚು ಕೆಟ್ಟಿದೆ ಅಂತ.

ಒಳ್ಳೆಯ ಸಾಧನವೇ. ಆದರೆ ಅದನ್ನು ತೋಟದ ಲೈನ್ ಮನೆಗೆ ಒಯ್ದು ನೋಡಿ. ನಮ್ಮ ಕಡೆಯ ಒಬ್ಬ ಹಿರಿಯ ಹೆಂಗಸಿನ ಕೈ ನೋಡಿ ವಿಚಾರಿಸಿದಾಗ ಅವರು ನನಗೆ ಹೇಳಿದ್ದು ಇಷ್ಟೇ: "ಏನಿಲ್ಲಮ್ಮ, ಸ್ವಲ್ಪ ಉರಿ. ಕೆಲ್ಸಕ್ಕೇನೂ ತೊಂದ್ರೆ ಇಲ್ಲ." ಕೆಲಸ ನಿಂತಿಲ್ಲ, ಯಾಕೆಂದರೆ ನಿಂತರೆ ಅವತ್ತಿನ ಕೂಲಿ ಇಲ್ಲ. ಆಟೋಟ? ಅವರಿಗೆ ಅನ್ವಯಿಸಲ್ಲ. ಈ ಪ್ರಶ್ನಾವಳಿಯಲ್ಲಿ "ಅನ್ವಯಿಸುವುದಿಲ್ಲ" ಅನ್ನುವ ಉತ್ತರಕ್ಕೆ ಸೊನ್ನೆ. ಅಂದರೆ ಬದುಕಿನಲ್ಲಿ ಬಿಡುವೇ ಇಲ್ಲದವರ ಅಂಕವೂ, ಬಿಡುವಿಗೆ ಏನೂ ಧಕ್ಕೆಯಾಗದವರ ಅಂಕವೂ ಒಂದೇ!

ಕಾರ್ಡಿಫ್‌ನವರಿಗೆ ಹೊಳೆಯದ ಪ್ರಶ್ನೆಗಳೂ ಇವೆ. ಬೆರಳು ಬಿರಿದವರು ಖಾರದ ಸಾರನ್ನು ಅನ್ನಕ್ಕೆ ಕಲಸಿ ತಿನ್ನುವುದು ಹೇಗೆ? ಹುಣಸೆಹಣ್ಣು ಕಿವುಚುವುದು ಹೇಗೆ? ಬೆರಳ ಗೆರೆ ಸವೆದಿದ್ದಕ್ಕೆ ಪಡಿತರ ಅಂಗಡಿಯ ಯಂತ್ರ ಗುರುತು ಹಿಡಿಯದಿದ್ದರೆ?

ಅಮರ್ತ್ಯ ಸೇನ್ ಇದಕ್ಕೆ ಹತ್ತಿರದ ಒಂದು ಉದಾಹರಣೆ ಕೊಡುತ್ತಾರೆ. ಬಂಗಾಳದ ಕ್ಷಾಮದ ಮರುವರ್ಷ, 1944ರಲ್ಲಿ, ಕಲ್ಕತ್ತೆಯ ಬಳಿಯ ಸಿಂಗೂರಿನಲ್ಲಿ ಸಮೀಕ್ಷೆ ನಡೆಯಿತು. ತಮ್ಮ ಆರೋಗ್ಯ ಚೆನ್ನಾಗಿಲ್ಲ ಅಂದ ವಿಧುರರು ನೂರಕ್ಕೆ 48.5. ವಿಧವೆಯರು? ಬರೀ 2.5. ವಿಧವೆಯರೇನು ಗಟ್ಟಿಮುಟ್ಟಾಗಿದ್ದರೇ? ಇಲ್ಲ. ದೂರು ಹೇಳುವುದು ತಮಗೆ ಸೇರಿದ ಹಕ್ಕು ಅಂತಲೇ ಅವರಿಗೆ ಅನ್ನಿಸಿರಲಿಲ್ಲ.

ಹಾಗಂತ ಲೈನ್ ಮನೆಯ ಆ ಹೆಂಗಸು ಸುಳ್ಳು ಹೇಳಿದರು ಅಂತಲ್ಲ. ಅವರು ಹೇಳಿದ್ದು ನಿಜವೇ, ನಾವು ಕೇಳಿದ ಪ್ರಶ್ನೆ ಸಣ್ಣದು. "ಕಾಯಿಲೆ ಏನನ್ನು ನಿಲ್ಲಿಸಿತು?" ಅನ್ನೋದು ನಿಲ್ಲಿಸಲು ಸಾಧ್ಯವಿರುವವರಿಗೆ ಕೇಳುವ ಪ್ರಶ್ನೆ. ನಿಲ್ಲಿಸಲಾಗದವರಿಗೆ ಕೇಳಬೇಕಾದ್ದು ಬೇರೆ: "ಕಾಯಿಲೆ ಇದ್ದೂ ಏನೇನು ಮಾಡಬೇಕಾಯಿತು?"

"ಗ್ಲೌಸ್ ಹಾಕ್ಕೊಂಡ್ರಾಯ್ತಲ್ಲ" ಅನ್ನೋದು ನಮ್ಮಂಥವರ ಮೊದಲ ಸಲಹೆ. ಮದ್ದು ಹೊಡೆಯುವಾಗ ಖಂಡಿತ ಬೇಕು. ಆದರೆ ಕಾಫಿ ಕುಯ್ಲಿಗೆ ಎಷ್ಟೋ ಕಡೆ ಕೂಲಿ ಕಿಲೋ ಲೆಕ್ಕದಲ್ಲಿ. ಅಂಟು ಹಿಡಿದ ಬಿರುಕು ಬೆರಳಿಗೆ ಗ್ಲೌಸ್ ತೊಡಿಸಿ ಹಣ್ಣು ಆರಿಸುತ್ತ ಕೂತರೆ ಸಂಜೆ ತೂಕ ಕಮ್ಮಿ ಬರುತ್ತದೆ. ಎಚ್ಚರಿಕೆಯ ಬೆಲೆ ಅವರ ಜೇಬಿನಿಂದಲೇ ಹೋಗುವಾಗ ಅದನ್ನು ಅವರ ಅಸಡ್ಡೆ ಅನ್ನಲು ನನಗೆ ನಾಲಿಗೆ ಬರಲ್ಲ. ಕಾನೂನೇನೋ ಇದೆ. ಪರಿಹಾರ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಚರ್ಮರೋಗಕ್ಕೂ ಜಾಗವಿದೆ. ಆದರೆ ಪರಿಹಾರ ಸಿಗಬೇಕಾದರೆ ಮೊದಲು ಯಾರಾದರೂ ದೂರು ಹೇಳಬೇಕಲ್ಲ?

ನನ್ನ ವಾದ ಇಷ್ಟೇ. ದೂರು ಬರಲಿ ಅಂತ ಕಾಯುವುದು ನ್ಯಾಯವಲ್ಲ. ಎಲೆ ಯಾವತ್ತೂ ದೂರು ಕೊಟ್ಟಿಲ್ಲ, ಆದರೂ ಅದಕ್ಕಾಗಿ ಕತ್ತಿ ಅದ್ದಿ ನೋಡುತ್ತೇವೆ. ಕೈಗೂ ಅಷ್ಟೇ ಮುತುವರ್ಜಿ ಸಾಕು. ಮದ್ದು ಹೊಡೆಯುವ ದಿನ ತೋಟದಲ್ಲೇ ನೀರು, ಸೋಪು. ಹರಿದರೆ ಕೇಳುವ ಮೊದಲೇ ಬೇರೆ ಗ್ಲೌಸ್. ಕೈ ಒಡೆದ ದಿನ ರಜೆ, ಕೂಲಿ ಸಮೇತ.

ಇದಕ್ಕೆ ಖರ್ಚಾಗುತ್ತದೆ. ಆ ಖರ್ಚು ಬೆಳೆಗಾರನ ಲೆಕ್ಕಕ್ಕೂ ಬರಲಿ, ಬೆಂಗಳೂರಿನಲ್ಲಿ ಕುಡಿಯುವ ನಮ್ಮ ಲೋಟದ ಬೆಲೆಗೂ ಬರಲಿ. ಈಗ ಅದನ್ನು ಒಬ್ಬರೇ ಕಟ್ಟುತ್ತಿದ್ದಾರೆ, ರಾತ್ರಿ ಊಟಕ್ಕೆ ಕೂತಾಗ.