ನೋವು ತಿಳಿಯದ ಪಾದ



ಬಸವೇಶ್ವರನಗರ, ವಿಜಯನಗರ, ರಾಜಾಜಿನಗರದ ಕಡೆ ಇರುವ ನಮಗೆಲ್ಲ ಸುಮನಹಳ್ಳಿ ಎಂದ ಕೂಡಲೇ ನೆನಪಾಗುವುದು ಮಾಗಡಿ ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಕಡೆಯ ಮೇಲ್ಸೇತುವೆ, ಅಲ್ಲಿನ ವಾಹನಗಳ ಗದ್ದಲ, "ಸುಮನಹಳ್ಳಿ ಯಾರ್ರೀ ಇಳಿಯೋರು" ಎಂದು ಕೂಗುವ ಕಂಡಕ್ಟರು. ಆ ಹೆಸರಿನ ಹಿಂದೆ ಇರುವ ಆಶ್ರಯಧಾಮದ ಗೇಟನ್ನು ದಾಟಿ ಒಳಗೆ ಹೋದವರು ನಮ್ಮಲ್ಲಿ ಎಷ್ಟು ಜನ? 1970ರ ದಶಕದ ಕೊನೆಯಲ್ಲಿ, ಪೂಜ್ಯ ಆರೋಕ್ಯಸ್ವಾಮಿಯವರು ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದಾಗ, ರಾಜ್ಯ ಸರ್ಕಾರ ಒದಗಿಸಿದ ಜಾಗದಲ್ಲಿ ಕುಷ್ಠರೋಗದಿಂದ ಬಳಲಿದವರಿಗಾಗಿ ಆರಂಭವಾದ ಸಂಸ್ಥೆ ಅದು. ಒಳ್ಳೆಯ ಮನಸ್ಸಿನವರ ಹಳ್ಳಿ ಎಂದು ಆ ಹೆಸರಿಗೆ ಅರ್ಥ. ನಾನೂ ಇಪ್ಪತ್ತು ವರ್ಷ ಅದರ ಮುಂದೆಯೇ ಬಸ್ಸಿನಲ್ಲಿ ಓಡಾಡಿದವಳು. ಒಳಗೆ ಹೋದದ್ದು 2017ರ ಡಿಸೆಂಬರಿನಲ್ಲಿ.

ಆ ವರ್ಷದ ತಪಸ್ಸುಕಾಲದಲ್ಲಿ ನಮ್ಮ ಯಜಮಾನರು ತೀರಿಕೊಂಡಿದ್ದರು. ಮೂವತ್ತೊಂದು ವರ್ಷದ ಸಂಸಾರ. ದುಃಖದಲ್ಲಿ ದೇವರ ಮೇಲೆ ಕೋಪ ಬರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಯೋಬನಿಗೂ ಬಂದಿತ್ತು, ಅವನು ಅದನ್ನು ದೇವರ ಮುಖಕ್ಕೇ ಹೇಳಿದ. ನನಗೆ ಕೋಪವೂ ಬರಲಿಲ್ಲ. ಏನೂ ಬರಲಿಲ್ಲ. ಮೊದಲೆಲ್ಲ ಸಂಜೆ ಜಪಸರ ಹಿಡಿದರೆ ದೇವಮಾತೆ ಪಕ್ಕದಲ್ಲೇ ಕುಳಿತಿದ್ದಾರೆ ಅನಿಸುತ್ತಿತ್ತು. ಈಗ ಮಣಿ ಎಣಿಸುವುದಕ್ಕೂ ಅವರೆಕಾಯಿ ಬಿಡಿಸುವುದಕ್ಕೂ ವ್ಯತ್ಯಾಸವೇ ತಿಳಿಯದು. ಪರಮಪ್ರಸಾದ ಸ್ವೀಕರಿಸಿ ಬಂದು ಮೊಣಕಾಲೂರಿದರೆ, ಬೇಳೆ ನೆನೆಹಾಕಿದೆನೋ ಇಲ್ಲವೋ ಎಂಬ ಯೋಚನೆ. 'ದೇವರೇ ನಿಮ್ಮನ್ನು ಪ್ರೀತಿಸುತ್ತೇನೆ' ಎಂದು ಎಲ್ಲರ ಜೊತೆ ಬಾಯಲ್ಲಿ ಹೇಳುತ್ತಿದ್ದೆ. ಇದು ಕಪಟವಲ್ಲವೇ ಎಂದು ಒಳಗೊಳಗೇ ನಾಚಿಕೆಪಡುತ್ತಿದ್ದೆ. ಇಂಥ ಪೂಜೆಗೆ ಹೋಗುವುದಕ್ಕಿಂತ ಮನೆಯಲ್ಲಿರುವುದೇ ಪ್ರಾಮಾಣಿಕತೆ ಅನಿಸಿತು. ಪಾಪನಿವೇದನೆಯಲ್ಲಿ ಹೇಳಿಕೊಂಡೆ. "ಬಿಡಬೇಡಿ ಅಮ್ಮಾ" ಎಂದಷ್ಟೇ ಗುರುಗಳು ಹೇಳಿದರು. ಏಕೆ ಬಿಡಬಾರದು ಎಂಬುದನ್ನು ಅವರು ವಿವರಿಸಲಿಲ್ಲ. ನನ್ನ ಹಿಂದೆ ಉದ್ದ ಸಾಲಿತ್ತು.

ಕ್ರಿಸ್ತಜಯಂತಿಗೆ ಮುಂಚಿನ ವಾರ ನಮ್ಮ ಧರ್ಮಕೇಂದ್ರದ ಮಹಿಳೆಯರು ಕೇಕು, ಹೊದಿಕೆ ಹೊತ್ತು ಸುಮನಹಳ್ಳಿಗೆ ಹೊರಟಾಗ ಅಕ್ಕಪಕ್ಕದವರ ಒತ್ತಾಯಕ್ಕೆ ನಾನೂ ಹೋದೆ. ಹಾಡು ಹಾಡಿದ್ದಾಯಿತು, ಕೇಕು ಹಂಚಿದ್ದಾಯಿತು. ಉಳಿದವರು ಚರ್ಮದ ಚೀಲಗಳನ್ನು ತಯಾರಿಸುವ ಕಡೆ ಹೋದರು. ನನಗೆ ನಡೆಯುವ ಮನಸ್ಸಿರಲಿಲ್ಲ, ಜಗಲಿಯ ಮೇಲೆ ಒಬ್ಬ ಅಜ್ಜಿಯ ಪಕ್ಕದಲ್ಲಿ ಕುಳಿತೆ. ಕಾಯಿಲೆ ವಾಸಿಯಾಗಿ ಎಷ್ಟೋ ಕಾಲವಾಗಿದ್ದ ಅಜ್ಜಿ. ಬೆರಳುಗಳು ಮಾತ್ರ ಮಡಿಚಿಕೊಂಡೇ ಇದ್ದವು. ನನ್ನನ್ನು ಅವರು ಮಾತನಾಡಿಸಲಿಲ್ಲ. ಬೇಸಿನ್ನಿನ ನೀರಿನಲ್ಲಿ ನೆನೆಸಿಟ್ಟಿದ್ದ ಕಾಲುಗಳನ್ನು ಎತ್ತಿ, ಒರೆಸಿ, ಎಣ್ಣೆ ಹಚ್ಚಿ, ಒಂದು ಪುಟ್ಟ ಕನ್ನಡಿಯನ್ನು ಪಾದದ ಕೆಳಗೆ ಹಿಡಿದು ಇಂಚಿಂಚೂ ನೋಡುತ್ತಿದ್ದರು.

"ಗಾಯ ಆಗಿದೆಯಾ ಅಜ್ಜಿ?" ಎಂದೆ.

"ಗೊತ್ತಿಲ್ಲಮ್ಮ. ಅದನ್ನೇ ನೋಡ್ತಾ ಇದೀನಿ."

ನನಗೆ ಅರ್ಥವಾಗಲಿಲ್ಲ. ಅವರೇ ಮುಂದುವರಿಸಿದರು: "ಮುಳ್ಳು ಚುಚ್ಚಿದ್ರೂ ಈ ಕಾಲು ಹೇಳಲ್ಲ, ಕೆಂಡ ತುಳಿದ್ರೂ ಹೇಳಲ್ಲ. ಅದು ಹೇಳಲ್ಲ ಅಂತ ನಾನೇ ದಿನಾ ಕೇಳ್ಬೇಕು. ಮೂವತ್ತೈದು ವರ್ಷದಿಂದ ಕೇಳ್ತಾ ಇದೀನಿ."

"ದಿನಾ ಇದೇ ಕೆಲಸ, ಬೇಜಾರಾಗಲ್ವಾ?"

"ಬೇಜಾರಾಯ್ತು ಅಂತ ಕಾಲು ನಂದಲ್ದೆ ಹೋಗುತ್ತಾ?"

ಈ ರೋಗದ ವಿಷಯವಾಗಿ ಆಮೇಲೆ ತಿಳಿದುಕೊಂಡದ್ದನ್ನು ನಿಮಗೂ ಹೇಳಬೇಕು. ನಾರ್ವೆಯ ವೈದ್ಯ ಹ್ಯಾನ್ಸೆನ್ 1873ರಲ್ಲಿ ಇದಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದರು. ಆ ರೋಗಾಣು ಕೈಕಾಲುಗಳ ನರಗಳನ್ನು ಕೆಡಿಸುತ್ತದೆ. ಬಿಸಿ, ತಣ್ಣಗೆ, ನೋವು ಯಾವುದೂ ಗೊತ್ತಾಗದಂತಾಗುತ್ತದೆ. ರೋಗವೇ ಬೆರಳನ್ನು ತಿಂದುಹಾಕುತ್ತದೆ ಎಂದು ಜನ ಬಹುಕಾಲ ನಂಬಿದ್ದರು. 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಡಾ. ಪಾಲ್ ಬ್ರಾಂಡ್ ಅದು ಹಾಗಲ್ಲವೆಂದು ತೋರಿಸಿಕೊಟ್ಟರು. ನೋವು ತಿಳಿಯದ ಕೈ ಕುದಿಯುವ ಪಾತ್ರೆಯನ್ನು ಹಿಡಿಯುತ್ತದೆ. ನೋವು ತಿಳಿಯದ ಪಾದ ಹುಣ್ಣಿನ ಮೇಲೆಯೇ ಮೈಲಿಗಟ್ಟಲೆ ನಡೆಯುತ್ತದೆ. ರಾತ್ರಿ ಮಲಗಿದ್ದಾಗ ಇಲಿ ಬಂದು ಬೆರಳು ಕಚ್ಚಿದರೂ ಎಚ್ಚರವಾಗದ ರೋಗಿಗಳಿದ್ದರಂತೆ. ಅವರ ಪಕ್ಕದಲ್ಲಿ ಮಲಗಲು ಬೆಕ್ಕುಗಳನ್ನು ಸಾಕಿಸಿದರು. ಅದೇ ಬ್ರಾಂಡ್ ಒಮ್ಮೆ ದೂರ ಪ್ರಯಾಣ ಮುಗಿಸಿ ಬಂದ ರಾತ್ರಿ ತಮ್ಮ ಹಿಮ್ಮಡಿಗೆ ಸ್ಪರ್ಶ ತಿಳಿಯದಿರುವುದನ್ನು ಕಂಡು, ತಮಗೂ ರೋಗ ತಗುಲಿತೆಂದು ನಿದ್ದೆಗೆಟ್ಟರು. ಬೆಳಿಗ್ಗೆ ಮತ್ತೆ ಸೂಜಿ ಚುಚ್ಚಿಕೊಂಡಾಗ ಜೀವ ಹೋಗುವಷ್ಟು ನೋವಾಯಿತು. ಆ ನೋವಿಗಾಗಿ ಅವರು ದೇವರಿಗೆ ಕೃತಜ್ಞತೆ ಸಲ್ಲಿಸಿದರು! ಇಂದು ಈ ರೋಗಕ್ಕೆ ಆರು ತಿಂಗಳು ಅಥವಾ ಒಂದು ವರ್ಷದ ಮಾತ್ರೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತವೆ, ಸಂಪೂರ್ಣ ವಾಸಿಯಾಗುತ್ತದೆ. ಆದರೆ ತಡವಾಗಿ ಬಂದವರಲ್ಲಿ ಸತ್ತುಹೋದ ನರ ಮತ್ತೆ ಚಿಗುರುವುದು ಕಷ್ಟ.

ಇಲ್ಲಿ ಒಂದು ಮಾತು. 'ಪಾಪವೆಂಬ ಕುಷ್ಠ' ಎಂದು ಪ್ರಸಂಗಗಳಲ್ಲಿ ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಆ ಅಜ್ಜಿಯ ಪಕ್ಕದಲ್ಲಿ ಕುಳಿತೆದ್ದ ಮೇಲೆ ಆ ಮಾತು ನನ್ನ ಕಿವಿಗೆ ಒರಟಾಗಿ ಕೇಳುತ್ತದೆ. ಯೇಸುಸ್ವಾಮಿ ಕುಷ್ಠರೋಗಿಯನ್ನು ಕಂಡಾಗ ಅವನ ಪಾಪದ ವಿಚಾರವೆತ್ತಲಿಲ್ಲ, ಕೈಚಾಚಿ ಮುಟ್ಟಿದರು (ಮಾರ್ಕ 1:40-45). ಹಾಗಾಗಿ ನಾನು ಈಗ ಹೇಳಹೊರಟಿರುವುದು ಅವರ ರೋಗಕ್ಕೂ ನಮ್ಮ ಪಾಪಕ್ಕೂ ಹೋಲಿಕೆಯಲ್ಲ. ಅಜ್ಜಿಯ ಅಭ್ಯಾಸದ ವಿಷಯ.

ಮೊಲೊಕಾಯ್ ದ್ವೀಪದ ಸಂತ ದಾಮಿಯನರ ಹೆಸರು ನೀವು ಕೇಳಿರುತ್ತೀರಿ. 1873ರ ಮೇ ತಿಂಗಳಲ್ಲಿ ಆ ದ್ವೀಪಕ್ಕೆ ಹೋದ ಬೆಲ್ಜಿಯಂ ದೇಶದ ಈ ಗುರುಗಳು ಹದಿನಾರು ವರ್ಷ ಕುಷ್ಠರೋಗಿಗಳ ನಡುವೆಯೇ ಬಾಳಿದರು. 1884ರ ಡಿಸೆಂಬರಿನ ಒಂದು ಸಂಜೆ ದಣಿದು ಬಂದು ಕಾಲುಗಳನ್ನು ಬಿಸಿನೀರಿನಲ್ಲಿಟ್ಟರು. ಚರ್ಮದ ಮೇಲೆ ಬೊಬ್ಬೆ ಎದ್ದಿತು, ಆದರೆ ಅವರಿಗೆ ಏನೂ ಅನಿಸಲಿಲ್ಲ. ತಮಗೂ ರೋಗ ಬಂದಿದೆ ಎಂಬುದು ಅವರಿಗೆ ಖಚಿತವಾದದ್ದು ಹೀಗೆ. ಆ ಬಳಿಕವೂ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಪೂಜೆ ಅರ್ಪಿಸಿದರು, ಮನೆ ಕಟ್ಟಿದರು, ಗಾಯ ತೊಳೆದರು, ಶವಪೆಟ್ಟಿಗೆಗಳಿಗೆ ಮೊಳೆ ಹೊಡೆದರು. ಅವರ ಕೊನೆಯ ವರ್ಷಗಳಲ್ಲಿ ಒಂಟಿತನ, ಮನಸ್ಸಿನ ಕುಗ್ಗುವಿಕೆ ಎಲ್ಲವೂ ಇದ್ದವು. ಪರಮಪ್ರಸಾದದಲ್ಲಿರುವ ಪ್ರಭು ಇಲ್ಲದಿದ್ದರೆ ತಾನು ಅಲ್ಲಿ ನಿಲ್ಲಲಾರೆ ಎಂದು ಅವರು ಪತ್ರಗಳಲ್ಲಿ ಬರೆದುಕೊಂಡಿದ್ದಾರೆ. 1889ರ ಏಪ್ರಿಲ್ 15ರಂದು ಕಣ್ಣುಮುಚ್ಚಿದರು. 2009ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ನಮ್ಮ ಕಾಲದ ಮದರ್ ತೆರೇಸಾರನ್ನೇ ನೋಡಿ. ಆ ನಗುಮುಖವನ್ನು ಕಂಡವರೆಲ್ಲ ಇವರ ಹೃದಯದಲ್ಲಿ ದೇವರು ಸದಾ ಮಾತನಾಡುತ್ತಿರಬೇಕು ಅಂದುಕೊಂಡಿದ್ದರು. ಅವರು ತೀರಿಕೊಂಡ ಹತ್ತು ವರ್ಷದ ನಂತರ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪ್ರಕಟವಾದಾಗ ಜಗತ್ತೇ ಬೆರಗಾಯಿತು. ಸುಮಾರು ಐವತ್ತು ವರ್ಷ ಅವರೊಳಗೆ ಕತ್ತಲೆಯಿತ್ತು, ದೇವರು ಇದ್ದಾರೆ ಎಂಬ ಅನುಭವವೇ ಇರಲಿಲ್ಲ. ಆ ಐವತ್ತು ವರ್ಷವೂ ಬೆಳಗಿನ ಜಾವ ಎದ್ದು ದೇವಾಲಯದಲ್ಲಿ ಮೊಣಕಾಲೂರಿದರು. ಕೆಲವು ಪತ್ರಿಕೆಗಳು ಇದನ್ನು ಅವರ ವಿಶ್ವಾಸದ ಸೋಲು ಎಂಬಂತೆ ಬರೆದವು. ಬರೆದವರು ಯಾರೂ ನಮ್ಮ ಅಜ್ಜಿಯ ಕನ್ನಡಿಯನ್ನು ಕಂಡವರಲ್ಲ ಅನಿಸುತ್ತದೆ.

ನಾವು ತಪ್ಪುವುದು ಎಲ್ಲಿ? ದೇವರನ್ನು ಪ್ರೀತಿಸುತ್ತೇನೆಯೇ ಎಂಬುದಕ್ಕೆ ನಮ್ಮ ಎದೆಯನ್ನು ಮುಟ್ಟಿ ನೋಡಿಕೊಳ್ಳುತ್ತೇವೆ. ಅಲ್ಲಿ ಬಿಸಿ ತಗುಲಿದರೆ ಪ್ರೀತಿಯಿದೆ, ತಗುಲದಿದ್ದರೆ ಇಲ್ಲ. ಮನೆಯ ವಿಷಯದಲ್ಲಿ ಹೀಗೆ ಅಳೆಯುತ್ತೇವೆಯೇ? ಪೀಣ್ಯದ ಕಾರ್ಖಾನೆಗೆ ಆರು ಗಂಟೆಯ ಬಸ್ಸು ಹಿಡಿಯುವ ಮಗನಿಗೆ ನಾಲ್ಕೂವರೆಗೆ ಎದ್ದು ಚಿತ್ರಾನ್ನ ಕಲಸುವ ತಾಯಿ, ಒಲೆ ಹಚ್ಚುವ ಮುಂಚೆ ತನ್ನ ಮನಸ್ಸಿನಲ್ಲಿ ಮಮತೆ ಉಕ್ಕುತ್ತಿದೆಯೇ ಎಂದು ನೋಡಿಕೊಳ್ಳುವುದಿಲ್ಲ. ಆ ಹೊತ್ತಿನಲ್ಲಿ ಅವಳಿಗೆ ಉಕ್ಕುವುದು ಆಕಳಿಕೆ ಮಾತ್ರ. ಗಲಿಲೇಯ ಸರೋವರದ ದಂಡೆಯಲ್ಲಿ ಪುನರುತ್ಥಾನರಾದ ಪ್ರಭು ಪೇತ್ರನನ್ನು ಮೂರು ಸಲ ಪ್ರೀತಿಯ ವಿಚಾರ ಕೇಳಿದರು. ಮೂರು ಸಲವೂ ಅವನು ಉತ್ತರ ಕೊಟ್ಟ ಬೆನ್ನಿಗೇ ಕುರಿಗಳನ್ನು ನೋಡಿಕೊಳ್ಳುವ ಕೆಲಸ ಒಪ್ಪಿಸಿದರು (ಯೊವಾನ್ನ 21:15-17). ಅವನ ಎದೆ ಎಷ್ಟು ಉರಿಯುತ್ತಿದೆ ಎಂದು ವಿಚಾರಿಸಲಿಲ್ಲ.

ಅಂದು ರಾತ್ರಿ ಮನೆಗೆ ಬಂದು ನಾನೂ ಅಜ್ಜಿಯ ಹಾಗೆ ಮಾಡಿದೆ. ಪ್ರಾರ್ಥನೆಯಲ್ಲಿ ಏನಾದರೂ ಅನಿಸುತ್ತದೆಯೇ ಎಂದು ಕಾಯುವುದನ್ನು ಬಿಟ್ಟು, ಬೆಳಗಿನಿಂದ ನಡೆದದ್ದನ್ನೆಲ್ಲ ದೇವರ ಮುಂದೆ ಒಂದೊಂದಾಗಿ ಎತ್ತಿ ನೋಡಿದೆ. ಧರ್ಮೋಪದೇಶದ ತರಗತಿಯಲ್ಲಿ ಕಲಿತ ಆತ್ಮಪರಿಶೋಧನೆ ಇದೇ. ಸಂತ ಇಗ್ನಾಸಿಯವರು ಇದನ್ನು ದಿನವೂ ಮಾಡಬೇಕೆಂದು ಕಲಿಸಿದರು. ಪಾಪಗಳ ಪಟ್ಟಿ ಮಾಡುವುದಕ್ಕೆ ಮಾತ್ರ ಅದನ್ನು ಬಳಸುತ್ತಿದ್ದೆ. ಈಗ ಎರಡನ್ನೂ ನೋಡತೊಡಗಿದೆ: ಗಾಯ ಎಲ್ಲಿದೆ, ಗಾಯವಾಗದೆ ಉಳಿದದ್ದು ಎಲ್ಲಿ.

ಮೊದಲ ವಾರವೇ ಕಂಡದ್ದು ನನ್ನ ಸೊಸೆ. ಒಂಬತ್ತು ತಿಂಗಳಿಂದ ಆ ಹುಡುಗಿ ದಿನಾ ಬೆಳಿಗ್ಗೆ ಕಾಫಿ ಲೋಟ ತಂದು ನನ್ನ ಪಕ್ಕದಲ್ಲಿಡುತ್ತಿದ್ದಳು, ನಾನು ತಲೆಯೆತ್ತಿ ನೋಡಿರಲಿಲ್ಲ. ಅವಳು ಕೇಳಿದ್ದಕ್ಕೆ ಹ್ಞೂಂ, ಉಹೂಂ ಬಿಟ್ಟರೆ ಮಾತಿಲ್ಲ. ನನ್ನ ದುಃಖ ನನ್ನದು, ಯಾರಿಗೂ ತೊಂದರೆ ಕೊಟ್ಟಿಲ್ಲ ಎಂದು ನಾನು ನಂಬಿದ್ದೆ. ಅವಳಿಗೂ ಮಾವ ಹೋಗಿದ್ದರು. ತವರಿನಲ್ಲಿ ಅಪ್ಪನಿಲ್ಲದ ಅವಳಿಗೆ ಇವರೇ ಅಪ್ಪನಂತಿದ್ದರು. ಅತ್ತೆ ಮಾತು ಬಿಟ್ಟಿದ್ದಾರೆ, ನನ್ನಿಂದ ಏನು ತಪ್ಪಾಯಿತೋ ಎಂದು ಅವಳು ಮಗನ ಹತ್ತಿರ ಅತ್ತಿದ್ದಳಂತೆ. ಮರುದಿನ ಕಾಫಿ ತಂದಾಗ ಕೈ ಹಿಡಿದು ಕೂರಿಸಿಕೊಂಡೆ. ನಾವಿಬ್ಬರೂ ಬಹಳ ಹೊತ್ತು ಅತ್ತೆವು.

ಅದರಿಂದ ನನ್ನ ಪ್ರಾರ್ಥನೆಗೆ ಮೊದಲಿನ ಸವಿ ಮರಳಿತು ಎಂದು ನೀವು ನಿರೀಕ್ಷಿಸಬಹುದು. ಸಾಕ್ಷ್ಯ ಹೇಳುವವರು ಸಾಮಾನ್ಯವಾಗಿ ಹಾಗೆಯೇ ಮುಗಿಸುತ್ತಾರೆ. ನನಗೆ ಮರಳಲಿಲ್ಲ. ಒಂದೆರಡು ಸಲ, ಪವಿತ್ರ ಗುರುವಾರದ ರಾತ್ರಿ ಒಮ್ಮೆ, ಇನ್ನೊಮ್ಮೆ ಯಾವ ಕಾರಣವೂ ಇಲ್ಲದೆ ತರಕಾರಿ ಕೊಳ್ಳುವಾಗ, ಮೋಡದ ಮರೆಯ ಬಿಸಿಲಿನಂತೆ ಸುಳಿದು ಹೋಯಿತು, ಅಷ್ಟೆ. ಉಳಿದ ದಿನಗಳಲ್ಲಿ ಜಪಸರ ಅವರೆಕಾಯಿಯೇ. ಆದರೂ ಹಿಡಿಯುತ್ತೇನೆ. ಅಜ್ಜಿ ಪಾತ್ರೆ ಬಿಸಿಯಿರಲಿ ಇಲ್ಲದಿರಲಿ ಬಟ್ಟೆ ಹಿಡಿದೇ ಮುಟ್ಟುತ್ತಾರೆ. ನನ್ನ ವಿಶ್ವಾಸವೂ ಈಗ ಹಾಗೆ ಅಭ್ಯಾಸದ ಬಲದಲ್ಲಿ ನಡೆಯುತ್ತಿದೆ, ಕಪಟವೆಂಬ ಅಳುಕಿಲ್ಲದೆ.

ವರ್ಷಕ್ಕೆ ಮೂರು ನಾಲ್ಕು ಸಲ ಸುಮನಹಳ್ಳಿಗೆ ಹೋಗುವುದು ರೂಢಿಯಾಯಿತು. ಕಳೆದ ಸಲ ಹೋದದ್ದು ಜನವರಿಯ ಕೊನೆಯ ಭಾನುವಾರ, ವಿಶ್ವ ಕುಷ್ಠರೋಗ ದಿನದಂದು. ಅಜ್ಜಿ ಅದೇ ಜಗಲಿಯಲ್ಲಿ, ಅದೇ ಬೇಸಿನ್ನಿನ ಮುಂದೆ ಕುಳಿತಿದ್ದರು. ಕನ್ನಡಿ ಮಾತ್ರ ಕಾಣಲಿಲ್ಲ. ಈ ರೋಗ ಕಣ್ಣನ್ನೂ ಬಿಡುವುದಿಲ್ಲ. ರೆಪ್ಪೆ ಮುಚ್ಚದೆ ಕಣ್ಣು ಒಣಗುತ್ತದೆ, ಅದಕ್ಕೆ ವಯಸ್ಸೂ ಸೇರಿತ್ತು.

"ಈಗ ಕಾಲು ಹೇಗೆ ನೋಡ್ಕೊಳ್ತೀರಿ ಅಜ್ಜಿ?" ಎಂದು ಕೇಳಿದೆ.

"ಯಾರಾದ್ರೂ ನೋಡ್ತಾರಮ್ಮ. ಬೆಳಿಗ್ಗೆ ಪಕ್ಕದ ಮಂಚದವಳು ನೋಡಿದ್ಲು. ಅವಳ ಕೈಲಿ ಶಕ್ತಿ ಇಲ್ಲ, ಕಣ್ಣಿದೆ."

ಮಾಡು ಬಿಚ್ಚಿ ಪಾರ್ಶ್ವವಾಯು ರೋಗಿಯನ್ನು ಪ್ರಭುವಿನ ಮುಂದೆ ಇಳಿಸಿದ ನಾಲ್ವರು ನೆನಪಾದರು. ಆ ಮಲಗಿದ್ದವನ ವಿಶ್ವಾಸ ಎಷ್ಟಿತ್ತೋ ಸಂತ ಮಾರ್ಕರು ಹೇಳುವುದಿಲ್ಲ. ಹೊತ್ತು ತಂದವರ ವಿಶ್ವಾಸವನ್ನು ಕಂಡು ಯೇಸು ಅವನೊಡನೆ ಮಾತನಾಡಿದರು ಎಂದು ಬರೆಯುತ್ತಾರೆ (ಮಾರ್ಕ 2:1-12). ನನ್ನಿಂದ ಆಗದಿದ್ದ ದಿನಗಳಲ್ಲಿ ಆ ಹುಡುಗಿ ಕಾಫಿ ತರುತ್ತಲೇ ಇದ್ದಳಲ್ಲ. ನಮ್ಮ ಬೀದಿಯ ಮಹಿಳೆಯರು ಒತ್ತಾಯ ಮಾಡಿ ನನ್ನನ್ನು ಇಲ್ಲಿಗೆ ಕರೆತಂದರಲ್ಲ.

"ಇವತ್ತು ಸಂಜೆದು ನೀನೇ ನೋಡಮ್ಮ," ಎಂದರು ಅಜ್ಜಿ.

ನಾನು ಜಗಲಿಯಿಂದ ಇಳಿದು ನೆಲದ ಮೇಲೆ ಕುಳಿತೆ. ಪಾದವನ್ನು ಮಡಿಲಿಗೆ ತೆಗೆದುಕೊಂಡು ಒರೆಸಿ, ಬೆಳಕಿನ ಕಡೆಗೆ ತಿರುಗಿಸಿದೆ. ಬಲಗಾಲಿನ ಕಿರುಬೆರಳಿನ ಕೆಳಗೆ ಮೆಣಸಿನಕಾಳಿನಷ್ಟು ಕೆಂಪಾಗಿತ್ತು.

"ಇದೆ ಅಜ್ಜಿ, ಚಿಕ್ಕದು," ಎಂದೆ.

"ಎಲ್ಲಿ, ಬೆರಳಿಟ್ಟು ತೋರಿಸು," ಎಂದರು. ನಾನು ಅಲ್ಲಿ ಬೆರಳಿಟ್ಟೆ. ಅವರಿಗೆ ತಿಳಿಯಲಿಲ್ಲ. ಅವರ ಮಡಿಚಿದ ಕೈಯನ್ನು ಹಿಡಿದು ಆ ಜಾಗದವರೆಗೆ ತಂದೆ. "ಸರಿ ಹಾಗಾದ್ರೆ, ನಾಳೆ ನಡೆಯಲ್ಲ," ಎಂದು ಹೇಳಿ, ಎಣ್ಣೆಯ ಬಾಟಲಿಯನ್ನು ನನ್ನ ಕಡೆ ತಳ್ಳಿದರು.