ಗೂಡು ಕಟ್ಟಿದವರು ಯಾರು, ನೀರು ಕಾಯಿಸಿದವರು ಯಾರು?

ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂಬುದು ಲೋಕರೂಢಿ. ಆದರೆ ಗಾದೆಯೂ ಒಂದು ಸಾಕ್ಷಿಯೇ. ವಿಚಾರಿಸದೆ ಸಾಕ್ಷಿಯನ್ನು ಒಪ್ಪುವುದು ವಿವೇಕಿಗೆ ಸಲ್ಲದು. ಸಾಲ ಮಾಡಿ ಕೆಟ್ಟವನನ್ನೋ ಹಟದಿಂದ ಹಾಳಾದವನನ್ನೋ ಕಂಡಾಗ, ‘ರೇಷ್ಮೆ ಹುಳು ತಾನು ಕಟ್ಟಿದ ಗೂಡಿನಲ್ಲಿ ತಾನೇ ಸತ್ತಂತೆ’ ಎನ್ನುವುದುಂಟು.

ಈ ಉಪಮೆ ಬಹು ಪ್ರಾಚೀನವಾದುದು. 12ನೆಯ ಶತಮಾನದ ಅಕ್ಕಮಹಾದೇವಿಯ ವಚನದಲ್ಲಿ ಇದು ತೆರಣಿಯ ಹುಳುವಾಗಿ ಬರುತ್ತದೆ. ಟಿಪ್ಪು ಸುಲ್ತಾನನು ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ನೆಲೆಯೊದಗಿಸಿದ್ದು ಅದಕ್ಕೆ ಆರು ಶತಮಾನಗಳ ತರುವಾಯ. ಜೀವನು ತನ್ನ ರಾಗದ್ವೇಷಗಳಿಂದ ತಾನೇ ಕರ್ಮವನ್ನು ಕಟ್ಟಿಕೊಳ್ಳುತ್ತಾನೆಂಬ ತತ್ತ್ವಕ್ಕೆ ಇದಕ್ಕಿಂತ ಸಮೀಪದ ದೃಷ್ಟಾಂತ ದೊರೆಯುವುದು ಕಷ್ಟ.

ಆದರೆ ರಾಮನಗರ, ಕನಕಪುರಗಳ ಕಡೆ ಕಣ್ಣಿಗೆ ಬೀಳುವುದೇ ಬೇರೆ. ಸುಮಾರು 25 ದಿನ ಹಿಪ್ಪುನೇರಳೆ ಸೊಪ್ಪು ತಿಂದ ಹುಳು ಚಂದ್ರಿಕೆಯೇರಿ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟುತ್ತದೆ. ಹಾಗೆಯೇ ಬಿಟ್ಟರೆ ಕೆಲವೇ ದಿನಗಳಲ್ಲಿ ಪತಂಗವಾಗಿ, ಬಾಯಿಂದ ಒಸರುವ ದ್ರವದಿಂದ ಗೂಡಿನ ತುದಿಯನ್ನು ಮೆದುಮಾಡಿ ಹೊರಬರುತ್ತದೆ. ಬಿತ್ತನೆ ಗೂಡಿಗೆ ಹೆಸರಾದ ಮಾಗಡಿ ಸೀಮೆಯವರಿಗೆ ಇದು ಹೊಸ ಸಂಗತಿಯಲ್ಲ. (ಆ ತಾಯಿ ಪತಂಗವನ್ನೂ ಮೊಟ್ಟೆಯಿಟ್ಟ ಮೇಲೆ ರೋಗಪರೀಕ್ಷೆಗಾಗಿ ಅರೆಯುತ್ತಾರೆಂಬುದು ಬೇರೆ ಮಾತು.) ತೂತುಬಿದ್ದ ಗೂಡಿನಿಂದ ಅಖಂಡವಾದ ಎಳೆ ಬಾರದು, ಆದುದರಿಂದಲೇ ಪತಂಗ ಹೊರಬರುವ ಮುನ್ನ ಗೂಡಿಗೆ ಬಿಸಿ ತಾಗಿಸುತ್ತಾರೆ. ಗೂಡು ಹುಳುವಿಗೆ ತೊಟ್ಟಿಲು. ಅದನ್ನು ಮಸಣ ಮಾಡಿದವರು ಮನುಷ್ಯರು. ಅವರ ಕೃತ್ಯವನ್ನು ಗಾದೆಯು ಸದ್ದಿಲ್ಲದೆ ಹುಳುವಿನ ಲೆಕ್ಕಕ್ಕೆ ಬರೆದಿದೆ.

ವರ್ತಕನು ‘ನಾವು ಕೊಂದಿಲ್ಲ, ಕೊಂಡೆವು ಅಷ್ಟೇ’ ಎನ್ನಬಹುದು. ಆದರೆ ಕೃತ, ಕಾರಿತ, ಅನುಮೋದಿತಗಳೆಂಬ ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟ ಧರ್ಮದಲ್ಲಿ ಈ ಉತ್ತರ ನಿಲ್ಲದು. ಶ್ರಾವಕನು ವರ್ಜಿಸಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಲಾಕ್ಷಾವಾಣಿಜ್ಯ, ಎಂದರೆ ಅರಗಿನ ವ್ಯಾಪಾರ, ಒಂದು. ಚನ್ನಪಟ್ಟಣದ ಗೊಂಬೆಗೆ ಬಣ್ಣದೊಡನೆ ಹೊಳಪು ಕೊಡುವುದೂ ಆ ಅರಗೇ. ಕೀಟದ ಅರಗಿಗೆ ಅಷ್ಟು ಅಳುಕಿದ ಶಾಸ್ತ್ರದ ಮುಂದೆ, ಒಂದು ಸೀರೆಗಾಗಿ ಸಾವಿರಾರು ಗೂಡುಗಳನ್ನು ಬೇಯಿಸುವುದನ್ನು ಹೇಗೆ ಸಮರ್ಥಿಸುವುದು?

ಬೆಳೆಗಾರನನ್ನಾಗಲಿ, ಬಿಸಿನೀರಿನಲ್ಲಿ ಬೆರಳಿಟ್ಟು ಎಳೆ ಹುಡುಕುವ ಕೂಲಿಯವರನ್ನಾಗಲಿ ಇಲ್ಲಿ ದೂರುವುದು ನ್ಯಾಯವಲ್ಲ, ಅವರದು ಹೊಟ್ಟೆಪಾಡು. ಅಭಿಷೇಕಕ್ಕೆ ರೇಷ್ಮೆಯೇ ಮಡಿಯೆಂದು ಉಟ್ಟು ನಿಲ್ಲುವವನಿಗೆ ಆ ನೆಪವಿಲ್ಲ. ಬಸದಿಯ ಟ್ರಸ್ಟುಗಳು ಪೂಜಾವಸ್ತ್ರ ಕೊಳ್ಳುವಾಗ ಈ ಪ್ರಶ್ನೆಯನ್ನು ಸಭೆಯ ಮುಂದಿಡಬಹುದು. ಪತಂಗ ಹೊರಟುಹೋದ ಗೂಡಿನಿಂದ ನೂತ ಬಟ್ಟೆ ‘ಅಹಿಂಸಾ ರೇಷ್ಮೆ’ಯೆಂಬ ಹೆಸರಿನಲ್ಲಿ ದೊರೆಯುತ್ತದೆ, ಹೊಳಪು ಕಡಿಮೆ, ಬೆಲೆ ಹೆಚ್ಚು. ಹತ್ತಿಯ ಬಿಳಿ ಪಂಚೆಯಂತೂ ಯಾವ ಊರಿನ ಅಂಗಡಿಯಲ್ಲಿಯೂ ಸಿಗುತ್ತದೆ.